ಕುದುರೆ ಕೆತ್ತುವವನ ಲೆಕ್ಕ

ಪಿಟೀಲಿಗೆ ಒಂದು ಕುದುರೆ ಇರುತ್ತದೆ.
ಓಡುವುದಿಲ್ಲ. ಮೇಪಲ್ ಮರದ್ದು, ಹೆಬ್ಬೆರಳಿಗಿಂತ ಗಿಡ್ಡ,
ನಾಲ್ಕು ತಂತಿಯ ಭಾರ ಹೊತ್ತು ನಿಂತೇ ಇರುತ್ತದೆ.
ಅದನ್ನು ಕೆತ್ತುವುದು ನನ್ನ ಕೆಲಸ,
ನಾಕ್ಸ್‌ವಿಲ್ಲಿನಲ್ಲಿ, ಕ್ಷೌರದಂಗಡಿಯ ಮೇಲಿನ ಕೋಣೆಯಲ್ಲಿ.
ಅವಳ ಕಚೇರಿ ನಾನು ಕೇಳಿದ್ದು ಎರಡೇ ಸಲ.
ಮಿಕ್ಕಿದ್ದೆಲ್ಲ ಮರ ಹೇಳಿದ್ದು.

ಅರವತ್ತೊಂದರಲ್ಲಿ ಮೊದಲು ಬಂದಳು
ಆರ್ಡಿತ್ ಸೈಜ್‌ಮೋರ್, ಹದಿನೇಳರ ಹುಡುಗಿ,
ದಿಂಬಿನ ಚೀಲದಲ್ಲಿ ಅಪ್ಪನ ಪಿಟೀಲು.
ಅಲುಗಿಸಿದರೆ ಒಳಗೆ ಗಿಲಕ್ ಎಂದಿತು.
"ಗಿಲಕಿ ಹಾವಿನ ಬಾಲ" ಎಂದಳು,
"ಇಲಿ, ಜೇಡ ಹತ್ತಿರ ಬರಲ್ಲ ಅಂತಾನೆ ಅಪ್ಪ. ತೆಗೀಬೇಡಿ."
ಕುದುರೆಯ ಬೆನ್ನು ಚಪ್ಪಟೆ, ಸವೆದ ಹೊಸ್ತಿಲಿನ ಹಾಗೆ.
ಶನಿವಾರ ರಾತ್ರಿ ಗಣಿಯವರ ಕುಣಿತಕ್ಕೆ
ಎರಡು ತಂತಿ ಒಟ್ಟೊಟ್ಟಿಗೆ ಉಜ್ಜಬೇಕು,
ಒಂದು ಹಾಡಲಿಕ್ಕೆ, ಒಂದು ಹೂಂಗುಟ್ಟಲಿಕ್ಕೆ.
ರಾಳದ ಬಿಳಿ ಪುಡಿಯ ಕೆಳಗೆ ಕಲ್ಲಿದ್ದಲಿನ ಕಪ್ಪು ಪುಡಿ.
ಒರೆಸಿ ಕೊಟ್ಟೆ. ಒಂದೂವರೆ ಡಾಲರ್.

ಐದು ವರ್ಷಕ್ಕೆ ಮತ್ತೆ, ಷಿಕಾಗೋದಿಂದ, ಕೂದಲು ಕತ್ತರಿಸಿಕೊಂಡು.
"ಎತ್ತರಿಸು ಲವ್‌ಡೇ, ದುಂಡಗೆ ಮಾಡು.
ಅಲ್ಲಿ ಪಿಯಾನೋದವನು ಪ್ರಶ್ನೆ ಎಸೀತಾನೆ,
ಉತ್ತರ ಒಂದೇ ತಂತಿಯಲ್ಲಿ ಕೊಡಬೇಕು,
ಪಕ್ಕದ್ದು ನಡುವೆ ಬಾಯಿ ಹಾಕಬಾರದು."
ಸಿಗರೇಟಿನ ಹೊಗೆ ವಾರ್ನಿಷ್ಷಿನೊಳಕ್ಕೇ ಇಳಿದಿತ್ತು.
ಎತ್ತರಿಸಿದೆ. ನುಡಿಸಿ ನೋಡಿದಳು:
ಜಾಝಿನ ಓರೆ ನಡಿಗೆ, ತಾಳಕ್ಕಿಂತ ಎಳ್ಳಷ್ಟು ಹಿಂದೆ,
ತಡವಾಗಿ ಬಂದರೂ ಅವಸರವಿಲ್ಲದವರ ಹಾಗೆ.
ನಡುವೆ ನಿಲ್ಲಿಸಿ ಕೇಳಿದಳು:
"ಹೂಂಗುಟ್ಟೋರು ಯಾರು ಈಗ?"
ನನ್ನ ಹತ್ತಿರ ಅದಕ್ಕೆ ಉಳಿ ಇರಲಿಲ್ಲ.

ಎಪ್ಪತ್ತಮೂರನೇ ಇಸವಿ. ಒಂದು ವ್ಯಾನಿನಲ್ಲಿ ನಾಲ್ವರು:
ಮ್ಯಾಂಡೊಲಿನ್, ಗಿಟಾರು, ಆಳೆತ್ತರದ ಬಾಸ್, ಇವಳು.
ವಿದ್ಯುತ್ತಿನ ವೈರು ಒಂದೂ ಇಲ್ಲ.
ಜಾನಪದ ಮೇಳದವರು ಅಂದರಂತೆ, ಇದು ಪಟ್ಟಣದ ಹೊಗೆ.
ಜಾಝ್ ಕ್ಲಬ್ಬಿನವರು ಮೂಗು ಮುರಿದರಂತೆ, ಹುಲ್ಲಿನ ವಾಸನೆ.
ಎಡಬಿಡಂಗಿ ಎಂದು ಬರೆದ ಪತ್ರಿಕೆಯ ತುಣುಕನ್ನು
ನನ್ನ ಬೆಂಚಿಗೇ ಮೊಳೆ ಹೊಡೆದು
ಆ ಪದದ ಮೇಲೆ ಬೆರಳಿಟ್ಟಳು: "ಇದನ್ನೇ ಕೆತ್ತು.
ದಪ್ಪ ತಂತಿಗಳ ಕಡೆ ಅಪ್ಪನ ಚಪ್ಪಟೆ,
ಸಣ್ಣ ತಂತಿಗಳ ಕಡೆ ಷಿಕಾಗೋ ದುಂಡು."
ಹಾಗೆ ಕುದುರೆ ನಿಲ್ಲಲ್ಲ ಅಂದೆ.
ಎರಡು ಕೆಟ್ಟವು. ಮೂರನೆಯದಕ್ಕೆ, ರಾತ್ರಿ ಹನ್ನೊಂದಾಗಿತ್ತು,
ಕತ್ತಿ ಜಾರಿ ಬಲಗಾಲಿನ ಬಳಿ ಒಂದು ಕಚ್ಚು.
"ಬೆಳಗಾದರೆ ವಿಮಾನ. ಇದೇ ಇರಲಿ ಬಿಡು."
ಮೂರು ವಾರಕ್ಕೆ ರಾಟರ್‌ಡಾಮಿನಿಂದ ಕಾರ್ಡು,
ಒಂದೇ ಪದ: ನಿಂತಿದೆ.

ಆಮೇಲಿನದು ನನಗೆ ಸರಿಯಾಗಿ ಗೊತ್ತಿಲ್ಲ.
ಪೆಟ್ಟಿಗೆಯ ಮಖಮಲ್ಲಿನ ಅಡಿ ಗಿರವಿ ಅಂಗಡಿಯ ಚೀಟಿ ಮೂರು,
ಯಾರದೋ ಮದುವೆಯ ಒಣ ಹೂವು,
ಗಲ್ಲ ಊರುವಲ್ಲಿ ಭುಜನೋವಿನ ಮುಲಾಮಿನ ಕಲೆ.
ಬಾಸಿನವನು ತೀರಿಕೊಂಡ ಎಂದಷ್ಟೇ ಹೇಳಿದಳು ಒಮ್ಮೆ;
ಆ ಸಲ ತಂತಿ ಬದಲಿಸಲು ಬಿಡಲಿಲ್ಲ.
ಎರಡು ರೆಕಾರ್ಡು. ಎರಡನೆಯದು ಗೋದಾಮಿನಲ್ಲೇ ನೆನೆದುಹೋಯಿತು.
ಕೊನೆಗೆ ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳಿಗೆ ಪಾಠ,
"ಮೊದಲು ಹೂಂಗುಟ್ಟಲು ಕಲೀರಿ" ಎಂದು ಶುರು.

ಹಾವಿನ ಬಾಲ ಈಗ ನನ್ನ ಬಳಿ ಇದೆ. ಹೇಗೆಂದು ಕೇಳಬೇಡಿ.

ಮೊನ್ನೆ ಒಬ್ಬ ಹುಡುಗಿ ಬಂದಳು, ಓರೆಗಾನಿನವಳು.
ಹೊಸ ಪಿಟೀಲು. ಕುದುರೆ ತೋರಿಸಿದಳು:
ಒಂದು ಕಡೆ ಚಪ್ಪಟೆ, ಒಂದು ಕಡೆ ದುಂಡು.
"ಸೈಜ್‌ಮೋರ್ ಕೆತ್ತನೆ" ಎಂದಳು,
ದೇವರ ಹೆಸರು ಹೇಳುವ ದನಿಯಲ್ಲಿ.
ಹಳೆಯ ಫೋಟೋ ದೊಡ್ಡದು ಮಾಡಿಸಿ ಅಳತೆ ತೆಗೆದಿದ್ದಾರಂತೆ.
ಬಲಗಾಲಿನ ಬಳಿ ಕಚ್ಚು.
ಅರದಿಂದ ನಯಮಾಡಿದ, ಬಹಳ ಜೋಪಾನದ ಕಚ್ಚು.
"ಆ ನಾದ ಬರೋದು ಇದರಿಂದಲೇ ಅಲ್ವಾ?"

ಕನ್ನಡಕ ಒರೆಸಿಕೊಂಡೆ.
ಆಳ ಸಾಲದು, ಅಂದೆ. ಕೊಡು ಇಲ್ಲಿ.